ಮಡಿ ಮೊಳೆ

ಗಂಟಲಿನಿಂದ ಹೊರಟದ್ದು ಮಾತೇ ಆಗಿರಲಿಲ್ಲ. ಹೌದು ಅಂತಲೂ ಅಲ್ಲ, ಅಲ್ಲ ಅಂತಲೂ ಅಲ್ಲ. ಕಫ ಸರಿಮಾಡಿಕೊಳ್ಳುವವನಂತೆ ಒಂದು ‘ಹ್ಞೂಂ’, ಅಷ್ಟೆ. ನಿನ್ನೆ ಬೆಳಿಗ್ಗೆ ಸೋದರಮಾವ ಸೇತುಮಾಧವಾಚಾರ್ಯರು ಮದುವೆ ಕಾರ್ಡಿನ ಕರಡನ್ನು ಕಣ್ಣಿಂದ ಕೈಯಳತೆ ದೂರ ಹಿಡಿದು, “ಗೋವಿಂದಪ್ಪ ಅಂದ್ರ ಯಾರೋ ಇವಾ? ಬಲಿಜರವನೇನು?” ಎಂದು ಕೇಳಿದ್ದರು. ಜಯತೀರ್ಥನ ಗಂಟಲು ಅವನ ಅಪ್ಪಣೆಗೂ ಕಾಯದೆ ಆ ಸದ್ದನ್ನು ಮಾಡಿ ಮುಗಿಸಿತ್ತು. ಮಾವನಿಗೆ ಅಷ್ಟು ಸಾಕಾಯಿತು. “ಹಂಗಾದ್ರ ಮಡಿ ಮೊಳಿಯೊಳಗ ಜೋಡಸು. ಬಸ್ ಕಂಡಕ್ಟರ್ ಅಂತೀ, ನಾಕು ಊರಿಗೆ ತೋರಸ್ತಾನ” ಎಂದು ಕರಡನ್ನು ವಾಪಸು ಕೊಟ್ಟಿದ್ದರು. ಈಗ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬೇವಿನಕಡ್ಡಿಯ ಸೀಳಿನಿಂದ ನಾಲಿಗೆ ಹೆರೆಯುತ್ತಿದ್ದರೆ ಆ ಸದ್ದು ಇನ್ನೂ ಅಲ್ಲೇ, ಕಿರುನಾಲಿಗೆಯ ಹಿಂದೆ, ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ ಅನ್ನಿಸಿತು. ಮೀನನ್ನೇ ತಿನ್ನದವನಿಗೆ ಮೀನಿನ ಮುಳ್ಳು ಎಲ್ಲಿಂದ ಬಂತು? ಓದಿದ ಪುಸ್ತಕದಿಂದ. ಅವನ ಹೋಲಿಕೆಗಳೂ ಓದಿದವು, ಸಿಟ್ಟೂ ಓದಿದ್ದು. ಸ್ವಂತದ್ದು ಅಂತ ಇದ್ದದ್ದು ಆ ‘ಹ್ಞೂಂ’ ಒಂದೇ. ಅದು ಮಾತ್ರ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಗಂಟಲನ್ನೂ ದಾಟಿ ಬಂದದ್ದು. ಓಕರಿಕೆ ಬಂದಂತಾಗಿ ಬಗ್ಗಿದ. ಜೊಲ್ಲು ಬಿಟ್ಟರೆ ಏನೂ ಬರಲಿಲ್ಲ.

“ಜಯಾ, ಎಷ್ಟು ಹೆರೀತೀಯೋ? ನಾಲಿಗಿ ಕಿತ್ತು ಕೈಗೆ ಬರ್ತದ ನೋಡು” ಎಂದು ಹೊರಗಿನಿಂದ ಅತ್ತೆ ತುಳಸಿಬಾಯಿ ಕೂಗಿದಳು. “ನಳದ ನೀರು ನಾಡಿದ್ದಿನ ತನಕ ಬರಂಗಿಲ್ಲ. ಮಿತವಾಗಿ ಸುರುವಿಕೋ.”

ಮನೆಯ ಮುಂದಿನ ಪಡಸಾಲೆಯೇ ಪ್ರೆಸ್ಸು. ಆಂಧ್ರದ ಗಡಿಯೂರಾದ ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಹೋಗುವ ಗಾಡಿಗಳು ಇದೇ ಬೀದಿಯಲ್ಲಿ ಹಾಯುವುದರಿಂದ ಮಾಘದುದ್ದಕ್ಕೂ ಅರಳೆಯ ಎಳೆಗಳು ತೇಲಿಬಂದು ಮಸಿ ಹಚ್ಚಿದ ಅಕ್ಷರಗಳ ಮೇಲೆ ಕೂರುತ್ತವೆ. ಪ್ರೂಫು ತೆಗೆದರೆ ಸಾಲಿಗೆಲ್ಲ ಬಿಳಿ ಮೀಸೆ. ಸೀಸದ ಅಕ್ಷರಕ್ಕೆ ಪ್ರೆಸ್ಸಿನವರು ಮೊಳೆ ಎನ್ನುತ್ತಾರೆ. ಗೋಡೆಯುದ್ದಕ್ಕೂ ಇದ್ದ ಮರದ ಕೇಸುಗಳಲ್ಲಿ ತೆಲುಗು ಮೊಳೆಗಳು. ಅವು ಪ್ರೆಸ್ಸಿನ ಸ್ವಂತದವು, ಮಾವನ ತಂದೆಯ ಕಾಲಕ್ಕೆ ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನಿನ ಜೊತೆಗೇ ಬಂದಂಥವು. ಸಿನಿಮಾದ ಗೋಡೆಪತ್ರ, ಮಂಡಿಯ ಚೀಟಿ, ಎಲೆಕ್ಷನ್ನಿನ ಕರಪತ್ರ ಎಲ್ಲ ಅವುಗಳಲ್ಲೇ. ಯಾರು ಬೇಕಾದರೂ ಮುಟ್ಟಬಹುದು. ಕನ್ನಡಕ್ಕೆಂದು ಒಂದೇ ಒಂದು ಹಳೆಯ ಕೇಸು, ಸವೆದು ಹಲ್ಲುದುರಿದ್ದು. ಯಾವ ಅಕ್ಷರ ಸಾಲದೋ ಅಲ್ಲಿ ತೆಲುಗಿನದನ್ನೇ ತಂದು ಕೂರಿಸುತ್ತಿದ್ದರು. ಎರಡೂ ಓದಬಲ್ಲ ಊರಿನಲ್ಲಿ ಯಾರೂ ಎಡವುತ್ತಿರಲಿಲ್ಲ. ಆಮೇಲೆ ಭಕ್ತರು ಕಾಣಿಕೆ ಕೂಡಿಸಿ ಪಂಚಾಂಗ, ಸ್ತೋತ್ರ ಅಚ್ಚುಮಾಡುವುದಕ್ಕೆಂದು ಬೆಂಗಳೂರಿನಿಂದ ಹೊಸ ಕನ್ನಡ ಮೊಳೆಗಳನ್ನು ತರಿಸಿಕೊಟ್ಟರು. ಹಳೆಯ ಕೇಸಿನ ಸೀಸ ಗುಜರಿಗೆ ಹೋಯಿತು. ಗುಂತಕಲ್ ಮೇಲೆ ರೈಲಿನಲ್ಲಿ ಬಂದ ಪೆಟ್ಟಿಗೆಗಳನ್ನು ಒಡೆಯುವ ಮೊದಲು ಪೂಜೆಯಾಯಿತು. ಅಂದಿನಿಂದ ಅವು ಮಡಿ ಮೊಳೆ. ಬೇರೆ ಮೂಲೆ, ಮೇಲೊಂದು ಹಳೆಯ ಪಟ್ಟೆಯ ಹೊದಿಕೆ, ಸ್ನಾನ ಮಾಡಿದ ಕೈ ಮಾತ್ರ ಮುಟ್ಟಬೇಕು. ಮಸಿ ತೊಳೆಯುವ ಸೀಮೆಎಣ್ಣೆಯ ಪ್ರಶ್ನೆ ಬಂದಾಗ ಮಾವ, “ಅದು ಭೂಗರ್ಭದಿಂದ ಬಂದದ್ದು, ಮೈಲಿಗಿಯಿಲ್ಲ” ಎಂದು ತೀರ್ಪು ಕೊಟ್ಟರು. ಮಸಿ ಹಚ್ಚುವ ರೋಲರಿನ ಪ್ರಶ್ನೆ ಬರಲೇ ಇಲ್ಲ. ಚರ್ಮ, ಗೊರಸು ಕುದಿಸಿ ತೆಗೆದ ಅಂಟಿಗೆ ಬೆಲ್ಲದ ಪಾಕ ಸೇರಿಸಿ ಎರೆದ ರೋಲರು ಅದು. ಬೇಸಿಗೆಯಲ್ಲಿ ಕರಗಿ ಮೆತ್ತಗಾದರೆ ಸತ್ತ ದನದ ವಾಸನೆ ಬರುತ್ತಿತ್ತು. ಮಾವನಿಗೂ ಗೊತ್ತು, ಅಕ್ಷರ ಜೋಡಿಸುವ ಪ್ರಹ್ಲಾದನಿಗೂ ಗೊತ್ತು, ಪ್ರೂಫು ತಿದ್ದುವ ಜಯತೀರ್ಥನಿಗೂ ಗೊತ್ತು. ವರ್ಷ ವರ್ಷವೂ ಆ ಚರ್ಮ ಪಂಚಾಂಗದ ಮೇಲೆ ಹೊರಳಿ ತಿಥಿ, ವಾರ, ನಕ್ಷತ್ರ ಎಲ್ಲವನ್ನೂ ನೆಕ್ಕಿ ಹೋಗುತ್ತಿತ್ತು. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಅದು ಇಲ್ಲವೇ ಇಲ್ಲ. ಈ ಮನೆಯ ಶುದ್ಧವೆಲ್ಲ ನಿಂತದ್ದು ಅಷ್ಟರ ಮೇಲೆ. ಅವನೂ ನಿಂತದ್ದು ಅದರ ಮೇಲೆಯೇ.

ಕಾಫಿ ಕುಡಿಯುವಾಗ ಬಾಯಲ್ಲಿ ಮೆಣಸಿನಕಾಯಿ ಬಜ್ಜಿಯ ನೆನಪು. ಎಮ್ಮಿಗನೂರಿನಲ್ಲಿ ಮಗ್ಗದವರ ಓಣಿಯ ಒಂದು ಬಾಡಿಗೆ ಕೋಣೆ. ಎಮರ್ಜೆನ್ಸಿ ಮುಗಿದ ವರ್ಷ ಗುರುಶಾಂತಮ್ಮ ಟೀಚರು ಶುರುಮಾಡಿದ ಓದುಬಳಗ ಪ್ರತಿ ಆದಿತ್ಯವಾರ ಅಲ್ಲಿ ಸೇರುತ್ತದೆ. ಸುತ್ತ ಮಗ್ಗಗಳ ಲಟಕ್ ಲಟಕ್, ನಡುವೆ ಯಾರಾದರೊಬ್ಬರ ಓದು, ಕೊನೆಗೆ ಒಗ್ಗರಣೆ ಮಂಡಕ್ಕಿ, ಬಜ್ಜಿ. ಅಲ್ಲಿ ಗೋವಿಂದಪ್ಪ ಅರ್ಧ ಕಚ್ಚಿದ ಬಜ್ಜಿಯ ಇನ್ನರ್ಧವನ್ನು ಜಯತೀರ್ಥ ಕಿತ್ತುಕೊಂಡು ತಿಂದಿದ್ದ. ತಿನ್ನುತ್ತ, ತಾನು ತಿಂದದ್ದನ್ನು ಗುರುಶಾಂತಮ್ಮ ನೋಡಿದರೇ ಎಂದು ಓರೆಗಣ್ಣಿನಲ್ಲಿ ನೋಡಿದ್ದ. ನೋಡಿದ್ದರು. ಮನಸ್ಸು ಅರಳಿತ್ತು. ಅದೇ ಸಂಜೆ ಮನೆಗೆ ಬಂದು ಬಾಯಿ ಮುಕ್ಕಳಿಸಿದ್ದ, ಖಾರಕ್ಕೆ ಎಂದು ತನಗೆ ತಾನೇ ಹೇಳಿಕೊಂಡು. ಗೋವಿಂದಪ್ಪ ತಂಗಿ ಮಾರೆಮ್ಮನ ಮದುವೆಯ ಮಾತು ತೆಗೆದದ್ದು ಆ ಬಜ್ಜಿಯ ಮೇಲೆಯೇ. ಬೀಗರು ಗಡಿಯಾಚೆಯ ಸಿರುಗುಪ್ಪದವರು, ತೆಲುಗು ಓದಲು ಬಾರದು. ಕಾರ್ಡು ಕನ್ನಡದಲ್ಲೇ ಆಗಬೇಕು. “ನಮ್ಮ ಕೇರ್ಯಾಗ ಕಾರ್ಡು ಹಾಕಿಸಿ ಮದುವಿ ಮಾಡಿದೋರು ಯಾರೂ ಇಲ್ಲ ಜಯಣ್ಣ. ನಮ್ಮ ಮಾರೀದೇ ಮೊದಲು. ಆ ಸಿದ್ದಬಸಪ್ಪ ಸಾಹುಕಾರ್ರ ಮಗಳ ಕಾರ್ಡು ನೋಡೀನಿ, ಅಕ್ಷರ ಅಂದ್ರ ಮುತ್ತು. ಅಂಥಾವು ಸಿಗ್ತಾವೇನು?” ಎಂದು ಕೇಳಿದ್ದ. “ಸಿಗ್ತಾವ ಅಂದ್ರ? ಅವು ಇರೋದೇ ನಮ್ಮ ಪ್ರೆಸ್ಸಿನ್ಯಾಗ. ನಾನೇ ನನ್ನ ಕೈಯಾರೆ ಜೋಡಸ್ತೀನಿ” ಎಂದಿದ್ದ ಜಯತೀರ್ಥ, ಕೋಣೆಗೆಲ್ಲ ಕೇಳುವ ಹಾಗೆ.

ಗೋವಿಂದಪ್ಪ ಕೊಟ್ಟ ಹಾಳೆಯ ನೆತ್ತಿಯ ಮೇಲೆ ‘ಶ್ರೀ ಸುಂಕಲಮ್ಮ ದೇವಿ ಪ್ರಸನ್ನ’ ಎಂದಿತ್ತು. ಬುಡದಲ್ಲಿ ‘ಸ್ಥಳ: ಮಾದಿಗರ ಕೇರಿ, ಆದೋನಿ’. ಜಯತೀರ್ಥ ಅದನ್ನು ಬೇರೆ ಹಾಳೆಯಲ್ಲಿ ದುಂಡಗೆ ಬರೆದು ಶುದ್ಧಪ್ರತಿ ಮಾಡಿದ. ಶುದ್ಧಪ್ರತಿಯಲ್ಲಿ ಕೇರಿಯ ತಾಯಿ ಸುಂಕಲಮ್ಮನ ಜಾಗಕ್ಕೆ ವೆಂಕಟೇಶ ಬಂದ, ಕೇರಿ ಹೋಗಿ ಬರೀ ಆದೋನಿ ಉಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಾವನಿಗೆ ಗೊತ್ತಾಗುವುದಿಲ್ಲ, ಗೋವಿಂದಪ್ಪನಿಗೆ ಮುತ್ತಿನಂಥ ಅಕ್ಷರ ಸಿಗುತ್ತದೆ, ತನ್ನ ಮಾತು ಉಳಿಯುತ್ತದೆ. ಬರೆಯುವಾಗ ಇದೊಂದು ಉಪಕಾರ ಅನ್ನಿಸಿತ್ತು, ಉಪಾಯವೂ ಅನ್ನಿಸಿತ್ತು. ಗಂಟಲು ‘ಹ್ಞೂಂ’ ಅಂದ ಮೇಲೆ ಮಾತ್ರ ಅದರ ನಾತ ಬಡಿಯತೊಡಗಿತ್ತು. ಇವತ್ತು ಗೋವಿಂದಪ್ಪ ಪ್ರೂಫು ನೋಡಲು ಬರುತ್ತಾನೆ. ಒಮ್ಮೊಮ್ಮೆ ಅವನು ಗಮನಿಸುವುದಿಲ್ಲ ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗಲೆಲ್ಲ, ಅಕ್ಷರ ಬಲ್ಲ ಸ್ನೇಹಿತನೊಬ್ಬ ತನ್ನ ತಾಯಿಯ ಹೆಸರು ಹೋದದ್ದನ್ನು ಗಮನಿಸದಿರಲಿ ಎಂದು ಹಾರೈಸುವ ತನ್ನ ಮನಸ್ಸನ್ನು ಚಿಮಟದಲ್ಲಿ ಹಿಡಿದೆತ್ತಿ ಚರಂಡಿಗೆ ಎಸೆಯಬೇಕು ಅನ್ನಿಸುತ್ತದೆ. ಎಸೆಯುವ ಕೈಯೂ ತನ್ನದೇ.

ಮಾವ ಪ್ರೂಫನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿದರು. “ಭೇಷ್. ನೋಡು ಪ್ರಹ್ಲಾದ, ಹೆಸರು ಹೆಂಗ ಕೂಡ್ಸ್ಯಾನ. ಮಾರೆಮ್ಮ ಅಂತ ಹೆಸರಾದ್ರೂ ರುಕ್ಮಿಣಿ ಅಂದ್ಹಂಗ ಕಾಣ್ತದ.” ಪ್ರಹ್ಲಾದ ನಕ್ಕ. ನಕ್ಕು, ಜಯತೀರ್ಥನ ಮುಖವನ್ನೇ ಒಂದು ಗಳಿಗೆ ನೋಡಿ, ಮೊಳೆ ಹೆಕ್ಕುವುದಕ್ಕೆ ಬಗ್ಗಿದ. ಅವನಿಗೆ ಗೊತ್ತಾಗಿದೆಯೇ? ಗೊತ್ತಾಗಿದ್ದರೂ ಹೇಳುವುದಿಲ್ಲ, ಬೇಕಾದ ದಿನಕ್ಕೆ ಇರಲಿ ಎಂದು ಉಪ್ಪಿನಕಾಯಿ ಹಾಕಿಡುವ ಜಾತಿ. ಜಾತಿ! ಯೋಚನೆಯಲ್ಲಿ ಕೂಡ ಆ ಮಾತು ಕಾಲಿಗೆ ಸಗಣಿ ಮೆತ್ತಿದಂತೆ ಮೆತ್ತಿಕೊಂಡೇ ಬರುತ್ತದಲ್ಲ. ಮಾವ ಊಟಕ್ಕೆ ಒಳಗೆ ಹೋದರು.

“ಜಯಣ್ಣಾ! ಐದೇ ನಿಮಿಷ. ಬಸ್ಸು ಸ್ಟ್ಯಾಂಡಿನ್ಯಾಗ ನಿಲ್ಸಿ ಬಂದೀನಿ. ಲೇಟಾತಂದ್ರ ಎಮ್ಮಿಗನೂರು ಮಂದಿ ಎಲ್ಲಾ ಸೇರಿ ನನ್ನ ಸಿಗದುಬಿಡ್ತಾರ.”

ಗೋವಿಂದಪ್ಪ ಖಾಕಿಯಲ್ಲಿ ಇನ್ನೂ ಎತ್ತರ ಕಾಣುತ್ತಿದ್ದ. ಚರ್ಮದ ಚೀಲ ಹೆಗಲಿನಲ್ಲಿ, ಪೆನ್ಸಿಲು ಕಿವಿಯಲ್ಲಿ. ಮೆಟ್ಟು ಹೊರಗೆ ಬಿಟ್ಟು ಸೀದಾ ಒಳಗೆ ಬಂದ. ಬರಲೇ ಎಂದು ಕೇಳಲಿಲ್ಲ. ಕೇಳಲಿಲ್ಲ ಎಂಬುದನ್ನು ಜಯತೀರ್ಥನ ಎದೆ ಗುರುತು ಹಾಕಿಕೊಂಡಿತು, ಗುರುತು ಹಾಕಿಕೊಂಡದ್ದಕ್ಕೆ ನಾಚಿತು. ಪ್ರೂಫು ಕೈಗೆ ಬಂದೊಡನೆ ಗೋವಿಂದಪ್ಪ ಅದನ್ನು ಅಂಚಿನಲ್ಲಿ ಹಿಡಿದು, ಹೊಸ ನೋಟು ನೋಡುವವನಂತೆ ತಿರುಗಿಸಿ ನೋಡಿದ.

“ಅಬ್ಬಬ್ಬಾ, ಏನ್ ಅಕ್ಷರರೀ ಇವು! ಚಿರಂಜೀವಿ ಸೌಭಾಗ್ಯವತಿ ಮಾರೆಮ್ಮ. ನಮ್ಮ ಮಾರಿ ಇದನ್ನ ನೋಡಿದ್ಲಂದ್ರ, ಯಾರೀಕಿ, ನಾನಂತೂ ಅಲ್ಲ ಅಂತಾಳ” ಎಂದು ಜೋರಾಗಿ ನಕ್ಕ. ನಗು ಮುಗಿಯುವ ಮೊದಲೇ ಅವನ ಕಣ್ಣು ಮೇಲಕ್ಕೆ ಹತ್ತಿತು. ಅಲ್ಲೇ ನಿಂತಿತು. “ಇವ್ನ್ಯಾರು?”

“ಯಾರು?”

“ಮ್ಯಾಲ ಕುಂತಾನಲ್ಲ, ವೆಂಕಟೇಶ. ಇವನ್ನ ನಾವು ಕರದಿಲ್ಲಲ್ಲ.”

“ಅದು... ಕಾರ್ಡಿನೊಳಗ ಸಾಧಾರಣ ಹಿಂಗೇ ಹಾಕೋ ಪದ್ಧತಿ ಅದ ಗೋವಿಂದಪ್ಪಾ. ಬೀಗರು ನೋಡಿದ್ರ ಚೊಲೋ ಕಾಣ್ಲಿ ಅಂತ...”

“ಬೀಗರು ಯಾರನ್ಕೊಂಡೀರಿ? ಅವ್ರೂ ನಮ್ಮೋರೇ. ಅವ್ರ ಮನೀ ಮುಂದೂ ಆಕೀನೇ ಅದಾಳ.” ಹಾಳೆಯನ್ನು ಮತ್ತೆ ಕೆಳಗಿನ ತನಕ ಓದಿದ. “ಕೇರೀನೂ ಹ್ವಾತು. ಬರೇ ಆದೋನಿ. ಬಂದ ಬೀಗರು ಎಲ್ಲಿಳೀಬೇಕ್ರಿ, ಕ್ವಾಟೆ ಗುಡ್ಡದ ಮ್ಯಾಲೇನು?”

ಜಯತೀರ್ಥ ನಗಲು ನೋಡಿದ. ಪ್ರಹ್ಲಾದನ ಬೆರಳುಗಳು ಖಾನೆಗಳಲ್ಲಿ ಆಡುವುದನ್ನು ನಿಲ್ಲಿಸಿದ್ದವು. ಗೋವಿಂದಪ್ಪನ ಧ್ವನಿ ಇಳಿಯಿತು. “ನಮ್ಮವ್ವ ಭೀಮಕ್ಕಗ ಓದಾಕ ಬರಂಗಿಲ್ಲ. ಮೊದಲನೇ ಕಾರ್ಡಿಗೆ ನಾಕೂ ಮೂಲಿಗೆ ಅರಿಷಿಣ ಹಚ್ಚಿ ತಾಯಿ ಮುಂದ ಇಡಬೇಕು ಅಂತ ಕುಂತಾಳ. ನಿನ್ನೆ ಕೇಳಿದ್ಲು, ‘ತಾಯಿ ಎಲ್ಲದಾಳ ಬಟ್ಟು ಇಟ್ಟು ತೋರ್ಸಪಾ, ಅಲ್ಲೇ ಕುಂಕುಮ ಇಡ್ತೀನಿ’ ಅಂತ. ಎಲ್ಲಿ ಇಡ್ಲಿ ಹೇಳ್ರಿ ಬಟ್ಟು?”

“ನಿನಗ ಈ ಅಕ್ಷರಾನೇ ಬೇಕಾಗಿತ್ತಲ್ಲ. ಅದಕ್ಕ ಒಂದು ದಾರಿ ಹುಡುಕಿದೆ.”

“ನಿಮ್ಮ ಮಾವಗ ನಾನು ಯಾರಂತ ಹೇಳೀರಿ?”

ಗಂಟಲು ಮತ್ತೆ ಅದೇ ಸದ್ದು ಮಾಡಿತು. ಅದೇ ಉದ್ದ, ಅದೇ ತೂಕ. ಗೋವಿಂದಪ್ಪ ಅದನ್ನು ಕಿವಿಗೊಟ್ಟು ಕೇಳಿದ, ಎಂಜಿನ್ನಿನ ಸದ್ದಿನಲ್ಲಿ ಯಾವ ಭಾಗ ಕೆಟ್ಟಿದೆ ಎಂದು ಕೇಳುವವರ ಹಾಗೆ. “ಸರಿ ಬಿಡ್ರಿ. ತಿಳೀತು. ಜಯಣ್ಣಾ, ದಿನಾ ಬೆಳಗಾದ್ರ ಮಂದಿಗೆ ಹಿಂದಕ್ಕ ಸರೀರಿ, ಹಿಂದ ಜಾಗ ಐತಿ ಅಂತ ಒದರೋನು ನಾನು. ಯಾರನ್ನ ಯಾಕ ಹಿಂದಕ್ಕ ಸರಸ್ತಾರ ಅಂತ ನನಗ ಗೊತ್ತಾಗಂಗಿಲ್ಲ ಅನ್ಕೊಂಡ್ರೇನು? ನಾನರ ಬರೇ ಹಿಂದಕ್ಕ ಸರಸ್ತೀನಿ. ನೀವು ನಮ್ಮ ಸುಂಕಲಮ್ಮನ್ನ ಬಸ್ಸಿಂದ ಇಳಿಸೇಬಿಟ್ರಿ.”

ಬೈದಿದ್ದರೆ ಸಹಿಸಬಹುದಿತ್ತು. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ದಣಿವಿತ್ತು, ಇದೇ ರಸ್ತೆಯಲ್ಲಿ ಇದೇ ಗುಂಡಿಯಲ್ಲಿ ಎಷ್ಟೋ ಸಲ ಇಳಿದೆದ್ದವನ ದಣಿವು. ಜಯತೀರ್ಥ ತಟ್ಟನೆ ಎದ್ದ. ಪಟ್ಟೆಯ ಹೊದಿಕೆಯನ್ನು ಎಳೆದು ಬಿಸಾಕಿ, ಮೊಳೆ ಕೂರಿಸುವ ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮಡಿ ಕೇಸಿನಿಂದ ಒಂದೊಂದೇ ಅಕ್ಷರ ಹೆಕ್ಕತೊಡಗಿದ. “ಈಗಲೇ ಹಾಕ್ತೀನಿ ನೋಡು. ನಿನ್ನ ಕಣ್ಣೆದುರಿಗೇ ಹಾಕ್ತೀನಿ.” ಕಿವಿ ಬಿಸಿಯಾಗಿದ್ದವು. ಇದೇ, ಇದೇ ಆ ಗಳಿಗೆ ಎಂದು ಒಳಗೆ ಯಾರೋ ಹೇಳುತ್ತಿದ್ದರು, ಬೆನ್ನು ನೆಟ್ಟಗಾಗಿತ್ತು, ಗುರುಶಾಂತಮ್ಮ ಟೀಚರು ಇದನ್ನು ನೋಡಬೇಕಾಗಿತ್ತು ಎಂಬ ಯೋಚನೆ ಬಂತು. ಬಂದ ಕೂಡಲೇ ಎಲ್ಲಕ್ಕೂ ಹೇಸಿಗೆ ಹತ್ತಿಕೊಂಡಿತು. ಅಕ್ಷರ ಹೆಕ್ಕುವ ಧೀರನೊಬ್ಬ, ಅವನನ್ನು ಬಾಗಿಲ ಸಂದಿಯಿಂದ ನೋಡಿ ಚಪ್ಪಾಳೆ ತಟ್ಟುವ ಇನ್ನೊಬ್ಬ, ಇಬ್ಬರೂ ತಾನೇ. ಆದರೂ ಕೈ ನಿಲ್ಲಲಿಲ್ಲ. ಸುಂಕಲಮ್ಮ ಸೀಸದಲ್ಲಿ ಎದ್ದು ನಿಂತಳು.

“ತಿರುವು ಮುರುವು ಕಾಣ್ತಾಳಲ್ರೀ” ಎಂದು ಗೋವಿಂದಪ್ಪ ಬಗ್ಗಿದ. “ಕನ್ನಡ್ಯಾಗ ನೋಡಿದಂಗ.” ಬೆರಳು ಚಾಚಿ ಆ ಸಾಲನ್ನು ತುದಿಯಿಂದ ತುದಿಗೆ ಮೆಲ್ಲಗೆ ಸವರಿದ. ಆಗಲೇ ಮಾವ ಧೋತರದ ತುದಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು.

“ಯಾರು, ಕಂಡಕ್ಟರ್ ಸಾಹೇಬ್ರೇನು? ಬರ್ರಿ ಬರ್ರಿ, ಕೂಡ್ರಿ. ಕಾರ್ಡು ಮನಸ್ಸಿಗೆ ಬಂತೇನ್ರಿ?”

“ನಮಸ್ಕಾರ ಆಚಾರ್ರ” ಎಂದ ಗೋವಿಂದಪ್ಪ, ಬಸ್ಸಿನಲ್ಲಿ ಸ್ಟಾಪು ಕೂಗುವ ಧ್ವನಿಯಲ್ಲಿ. “ಭಾಳ ಚೆಂದ ಐತ್ರಿ. ಮ್ಯಾಲ ಸುಂಕಲಮ್ಮ, ಕೆಳಗ ಮಾದಿಗರ ಕೇರಿ, ಎರಡು ಮಾತ್ರ ಬಿಟ್ಟುಹೋಗಿದ್ವು. ಜಯತೀರ್ಥ ಆಚಾರ್ರು ಹಾಕಾಕ ಹತ್ಯಾರ.”

ಜಯಣ್ಣ ಹೋಗಿ ಆಚಾರ್ರು ಆದದ್ದು ಜಯತೀರ್ಥನಿಗೆ ತಾಗಿತು. ಮಾವನ ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ. ಧೋತರದ ನೆರಿಗೆಯನ್ನು ಕೈಯಲ್ಲಿ ಕೂಡಿಸಿ ಹಿಡಿದು, ಏನೋ ಮರೆತವರಂತೆ ಎರಡು ಹೆಜ್ಜೆ ಹಿಂದೆ ಸರಿದರು. “ಹಂಗೇನು. ಸಂತೋಷ. ನೋಡಪಾ ಗೋವಿಂದಪ್ಪ,” ‘ಸಾಹೇಬ್ರು’ ಆಗಲೇ ‘ಅಪಾ’ಕ್ಕೆ ಇಳಿದಿತ್ತು, “ಈ ಮೊಳಿ ದೇವರ ಕೆಲಸಕ್ಕಂತ ಭಕ್ತರು ಕೊಟ್ಟದ್ದು. ನಾಳಿಯಿಂದ ಪಂಚಾಂಗ ಹಿಡೀಬೇಕು. ಪ್ರೆಸ್ಸಿನ ಸ್ವಂತದ್ದು ಅಂತ ತೆಲುಗು ಅಕ್ಷರ ಗೋಡಿ ತುಂಬ ಅವ. ದಪ್ಪಂದು, ಸಣ್ಣಂದು, ಹೂವಿಂದು, ಯಾವುದು ಬೇಕೋ ಆರಿಸ್ಕೋ. ನಿಮ್ಮ ದೇವರ ಹೆಸರು ಮೊಳದುದ್ದ ಹಾಕಿಸ್ಕೋ. ಅದಕ್ಕೇನೂ ಅಡ್ಡಿ ಇಲ್ಲ.”

“ಬೀಗರಿಗೆ ತೆಲುಗು ಓದಾಕ ಬರಂಗಿಲ್ರಿ.”

“ಮದುವೀ ಊಟ ಮಾಡ್ಲಿಕ್ಕೆ ಓದು ಯಾಕ ಬರಬೇಕೋ?” ಎಂದು ಮಾವ ನಕ್ಕರು. ಪ್ರಹ್ಲಾದ ನಕ್ಕ. ಗೋವಿಂದಪ್ಪ ಜಯತೀರ್ಥನ ಮುಖವನ್ನು ನೋಡಿದ. ಆಗಲೇ ಜಯತೀರ್ಥನಿಗೆ ತಿಳಿದದ್ದು, ತನ್ನ ತುಟಿಯೂ ಅಗಲವಾಗಿದೆ ಎಂದು. ಮಾವನ ಚಟಾಕಿಗೆ ಹುಟ್ಟಿದಾಗಿನಿಂದ ನಕ್ಕು ರೂಢಿಯಾದ ತುಟಿ. ಮುಚ್ಚಲು ಹೋದರೆ ಅದು ಇನ್ನೂ ವಿಕಾರವಾಗಿ ಒಂದು ಕಡೆಗೆ ಎಳೆದುಕೊಂಡಿತು.

“ಮಾವಾ,” ಎಂದ, ತನಗೇ ಕೇಳಿಸದ ಹಾಗೆ, “ಸಿದ್ದಬಸಪ್ಪನವರ ಮಗಳ ಕಾರ್ಡು ಇದರಾಗೇ ಮಾಡಿದ್ವಲ್ಲ. ಅವರೇನು ಮಡಿ ಉಟ್ಟು...”

“ಅದರ ಮಾತು ಬ್ಯಾರೆ.”

“ಹೆಂಗ ಬ್ಯಾರೆ?” ಜಯತೀರ್ಥ ಕೇಳಬೇಕಾದದ್ದನ್ನು ಗೋವಿಂದಪ್ಪ ಕೇಳಿದ. ಮಾವ ಅವನ ಕಡೆಗೆ ನೋಡಲಿಲ್ಲ. ಜಯತೀರ್ಥನಿಗೇ ಹೇಳಿದರು: “ಯಾವುದನ್ನ ಎಲ್ಲಿ ಕೇಳಬೇಕು ಅನ್ನೋದೂ ಒಂದು ವಿದ್ಯಾ, ಜಯಾ.”

ಗೋವಿಂದಪ್ಪ ಪ್ರೂಫಿನ ಹಾಳೆಯನ್ನು ಮಡಿಚದೆ, ಮುದುರದೆ, ಮೊಳೆಗಳ ಪಕ್ಕಕ್ಕೆ ಅಂಗಾತ ಇಟ್ಟ. “ಇದನ್ನ ಇಟ್ಟಿರ್ರಿ. ಮುಂದ ಆ ವೆಂಕಟೇಶನ ಮದುವಿ ಬಂದಾಗ ಉಪಯೋಗಕ್ಕ ಬರ್ತೈತಿ” ಎಂದ. ಪೆನ್ಸಿಲು ಕಿವಿಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು ಮೆಟ್ಟಿಲಿಳಿದ. ಜಯತೀರ್ಥ ಹೊಸ್ತಿಲ ತನಕ ಹೋದ, ಹೊಸ್ತಿಲ ತನಕವೇ. “ಗೋವಿಂದಪ್ಪಾ, ಆದಿತ್ಯವಾರ ಬಳಗದಾಗ ಕೂತು ಮಾತಾಡೋಣು.”

“ಮಾತಾಡೂನ್ರಿ ಆಚಾರ್ರ. ಮಾತಾಡಾಕೇನು” ಎಂದು, ಅರಳೆ ತುಂಬಿದ ಗಾಡಿಯೊಂದಕ್ಕೆ ದಾರಿಬಿಟ್ಟು, ಗಾಡಿಯ ಹಿಂದೆ ಮರೆಯಾದ.

ಬೈಗುಳವನ್ನು ನಿರೀಕ್ಷಿಸಿ ಜಯತೀರ್ಥ ತಿರುಗಿದ. ಬೈದರೆ ತಾನೂ ನಾಲ್ಕು ಮಾತು ಆಡಬಹುದು ಎಂಬ ಆಸೆಯಿತ್ತು. ಮಾವ ಬೈಯಲಿಲ್ಲ. ಪಂಚಾಂಗದಲ್ಲಿ ಗ್ರಹಣಕಾಲ ನೋಡಿ ಹೇಳುವಷ್ಟು ತಣ್ಣಗೆ ಹೇಳಿದರು: “ಸ್ನಾನ ಮಾಡಿ ಬಾ. ಅವನು ಮುಟ್ಟಿದ್ದು ಯಾವುದು, ಮುಟ್ಟದ್ದು ಯಾವುದು ಅಂತ ಆರಿಸ್ಲಿಕ್ಕೆ ಆಗಂಗಿಲ್ಲ. ಜೋಡಿಸಿದ್ದನ್ನೆಲ್ಲಾ ಬಿಚ್ಚಿ ಪಂಚಗವ್ಯದಾಗ ತೊಳಿ. ಕೈ ಹಾಕಿದವನು ನೀನು, ತೊಳಿಯೋವನೂ ನೀನೇ.” ಪ್ರಹ್ಲಾದ ಗಂಟಲು ಸರಿಮಾಡಿಕೊಂಡ. “ಆಚಾರ್ರ, ಸೀಸಕ್ಕ ಗಂಜಳ ಬಿದ್ರ ಬೂಷ್ಟು ಹಿಡೀತದ್ರಿ. ಮುಖಾನೇ ತಿಂದು ಹಾಕ್ತದ.” ಮಾವ ಅವನತ್ತ ಕರುಣೆಯಿಂದ ನೋಡಿದರು. “ಶುದ್ಧ ಮಾಡೋದಕ್ಕ ಬೂಷ್ಟು ಹೆಂಗ ಹಿಡೀತದೋ ಹುಚ್ಚಾ?”

ಹಂಡೆಯ ತಣ್ಣೀರು ತಲೆಯ ಮೇಲೆ ಸುರಿದುಕೊಂಡಾಗ, ಆಗುವುದಿಲ್ಲ ಎಂದು ಹೇಳಿ ಮೇಲೆ ಶರ್ಟು ಹಾಕಿಕೊಂಡು ಸ್ಟ್ಯಾಂಡಿಗೆ ನಡೆದುಬಿಡಬಹುದು ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ಬಸ್ಸು ಇನ್ನೂ ಹೊರಟಿರಲಿಕ್ಕಿಲ್ಲ. ಅದನ್ನು ಕಾಣುತ್ತಲೇ ಎರಡನೆಯ ತಂಬಿಗೆ ಸುರಿದುಕೊಂಡ. “ನಾಡಿದ್ದಿನ ನೀರು ಇವತ್ತೇ ಮುಗೀತು ನೋಡ್ರಿ” ಎಂದು ಅತ್ತೆ ಹಿತ್ತಲಲ್ಲಿ ಗೊಣಗುತ್ತಿದ್ದಳು. ಗೊಣಗುತ್ತಲೇ ಸಗಣಿ, ಗಂಜಳ, ಹಾಲು, ಮೊಸರು, ತುಪ್ಪ ಎಲ್ಲ ಹೊಂದಿಸಿದಳು. ಹೊರಗಿನಿಂದ ಬಸ್ಸಿನ ಹಾರ್ನು ಕೇಳಿದಂತಾಯಿತು. ಬೇರೆ ಯಾವುದೋ ಲಾರಿ ಇದ್ದೀತು.

ತಾಮ್ರದ ಹರಿವಾಣದಲ್ಲಿ ಕಾರ್ಡಿನ ಮೊಳೆಗಳು. ಮೇಲೆ ಸುರಿದ ಹಸಿರು ಹಳದಿ ನೀರು ಅಕ್ಷರಗಳ ಸಂದಿಗೆ ಇಳಿದು ಗುಳ್ಳೆ ಬಿಟ್ಟಿತು. ಬೆರಳು ಆಡಿಸಿದರೆ ಲೋಳೆ. ಗಂಜಳದ ಖಾರ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಅತ್ತೆ ಅದನ್ನು ಪಶ್ಚಾತ್ತಾಪ ಎಂದು ತಿಳಿದು, “ಹೋಗ್ಲಿ ಬಿಡಪಾ, ಆತಲ್ಲ” ಎಂದಳು. ಮಾರೆಮ್ಮ ಬಿಚ್ಚಿಕೊಂಡು ಒಂದೊಂದು ಅಕ್ಷರವಾಗಿ ತೇಲದೆ ಮುಳುಗಿದಳು. ವರ ಹೋದ, ಮುಹೂರ್ತ ಹೋಯಿತು. ಸುಂಕಲಮ್ಮನ ಸಾಲನ್ನು ಮಾತ್ರ ಅವನು ಬಿಚ್ಚಲಿಲ್ಲ. ದಾರ ಸುತ್ತಿ ಹರಿವಾಣದ ತಲೆಯ ಕಡೆಗೆ ಹಾಗೇ ನಿಲ್ಲಿಸಿದ. ಬೇಕೆಂದು ಮಾಡಿದ್ದಲ್ಲ. ಮಾವ ದೂರದಿಂದಲೇ ದರ್ಭೆಯಲ್ಲಿ ನೀರು ಪ್ರೋಕ್ಷಿಸಿ ಮಂತ್ರ ಹೇಳಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ತಿರುವು ಮುರುವಾದ ಸೀಸ ಅಷ್ಟು ದೂರಕ್ಕೆ ಬರೀ ಬೂದುಬಣ್ಣ. ಪ್ರಹ್ಲಾದ ಓದಬಲ್ಲ. ಓದಿದ. ಓದಿ ಬಾಗಿಲ ಕಡೆಗೆ ಮುಖ ತಿರುಗಿಸಿದ. ಅತ್ತೆ ಹೂಬತ್ತಿ ಹಚ್ಚಿ ಮಂಗಳಾರತಿ ಎತ್ತಿದಳು. ಆಮೇಲೆ ಹರಿವಾಣದ ತಲೆಯಲ್ಲಿ ಎತ್ತರಕ್ಕೆ ನಿಂತದ್ದೇ ದೇವರ ಜಾಗ ಅನ್ನಿಸಿರಬೇಕು, ಉಂಗುರಬೆರಳಿನಲ್ಲಿ ಕುಂಕುಮ ಅದ್ದಿ ಸರಿಯಾಗಿ ಆ ಸಾಲಿನ ಮೇಲೆ ಒಂದು ಬಟ್ಟು ಇಟ್ಟಳು. ಮಾವ ಕೈಮುಗಿದರು.

ಜಯತೀರ್ಥನ ಹೊಟ್ಟೆಯಲ್ಲಿ ನಗುವೊಂದು ಎದ್ದಿತು. ಮಾವ ಕೈ ಮುಗಿದದ್ದು ಯಾರಿಗೆ! ಆದಿತ್ಯವಾರ ಬಳಗದಲ್ಲಿ ಇದನ್ನು ಹೇಳುವ ಬಗೆ ಆಗಲೇ ಮನಸ್ಸಿನಲ್ಲಿ ಜೋಡಣೆಯಾಗತೊಡಗಿತು: ಮೊದಲು ಗಂಜಳದ ವಾಸನೆ, ಆಮೇಲೆ ಮಾವನ ಪೊರೆಗಣ್ಣು, ಬಟ್ಟನ್ನು ಕೊನೆಗೆ ಇಡಬೇಕು. ಮಗ್ಗದ ಸದ್ದು ಮೀರಿ ಎಲ್ಲರೂ ನಗುತ್ತಾರೆ, ಗುರುಶಾಂತಮ್ಮ ಕಣ್ಣೊರೆಸಿಕೊಂಡು ನಗುತ್ತಾರೆ. ತಾನು ಹೇಗೆ ಬೇಕೆಂದೇ ಸಾಲನ್ನು ಬಿಚ್ಚದೆ ಉಳಿಸಿದೆ ಎಂದು ಹೇಳುತ್ತಾನೆ. ಮೂಲೆಯಲ್ಲಿ ಒಬ್ಬ ಮಾತ್ರ ನಗದೆ ಕೂತಿರುತ್ತಾನೆ. ಎಲ್ಲರೂ ನಕ್ಕು ಮುಗಿಸಲಿ ಎಂದು ಕಾಯುತ್ತಾನೆ. ಆಮೇಲೆ, “ಆತ್ರಿ. ಕಾರ್ಡು ಏನಾತು?” ಎನ್ನುತ್ತಾನೆ.

ಕಾರ್ಡು ಇಲ್ಲ. ಭೀಮಕ್ಕ ಅರಿಷಿಣ ಕಲಸಿಟ್ಟುಕೊಂಡು ಕೂತಿದ್ದಾಳೆ. ಅವಳ ತಾಯಿಯನ್ನು ನಿನ್ನೆ ವೆಂಕಟೇಶನ ಹಿಂದೆ ಅಡಗಿಸಿದ್ದ, ಇವತ್ತು ಸಗಣಿನೀರಿನ ಹಿಂದೆ ಅಡಗಿಸಿದ್ದಾನೆ. ಯಾರೂ ಗುರುತಿಸದಿದ್ದರೆ ಮಾತ್ರ ಆಕೆಗೆ ಈ ಮನೆಯಲ್ಲಿ ಬಟ್ಟು. ತನ್ನ ಧೈರ್ಯವೂ ಹಾಗೇ, ಮನೆಯವರಿಗೆ ತಿಳಿಯದ ಹಾಗೆ ತಿಂದ ಬಜ್ಜಿ. ನಗು ಹಳಸಿ ಬಾಯಲ್ಲಿ ಕಹಿಯಾಯಿತು. ಈಗ ಹೇಳಬೇಕು. ಹೇಳಿದರೆ ಸಾಕು: ಮಾವಾ, ನೀವು ಈಗ ಕೈ ಮುಗಿದದ್ದು ಸುಂಕಲಮ್ಮಗ, ಆಕಿ ಹೆಸರು ಈ ಮೊಳಿಯೊಳಗೇ ನಿಂತದ, ಇದರಾಗೇ ಕಾರ್ಡು ಆಗಬೇಕು. ಮಾತು ಎದೆಯಿಂದ ಎದ್ದಿತು, ಇಡಿಯಾಗಿ, ಒಂದಕ್ಷರವೂ ಸವೆಯದೆ. ಗಂಟಲಿನ ತನಕ ಬಂತು. ಬಾಯಿ ತೆರೆದ.

“ಹಾಂ, ಕೈ ಹಿಡಿ” ಎಂದರು ಮಾವ, ಬೆಳ್ಳಿಯ ಉದ್ಧರಣೆಯಲ್ಲಿ ಪಂಚಗವ್ಯ ತುಂಬಿಸಿ, ತಾಗದಷ್ಟು ಎತ್ತರದಿಂದ. ಅಂಗೈಯಲ್ಲಿ ಅದು ಬೆಚ್ಚಗೆ ಬಿತ್ತು. ತೆರೆದ ಬಾಯಿಗೆ ಕೈ ತಾನಾಗಿಯೇ ಹೋಯಿತು. ಮೇಲೆ ಬರುತ್ತಿದ್ದ ಮಾತು, ಕೆಳಗಿಳಿಯುತ್ತಿದ್ದ ಪಂಚಗವ್ಯ, ಎರಡೂ ಆ ಇಕ್ಕಟ್ಟಿನಲ್ಲಿ ಎದುರುಬದುರಾದವು. ಮಾತು ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ಓಕರಿಕೆ ಬರುತ್ತದೆ ಎಂದು ಕಾದ, ಬರಲಿ ಎಂದು ಕಾದ, ಬೆಳಿಗ್ಗೆಯಿಂದ ಕಾದದ್ದು ಈಗಲಾದರೂ ಬರಲಿ ಎಂದು ಕಣ್ಣು ಮುಚ್ಚಿದ. ಎಲ್ಲ ಸಲೀಸಾಗಿ ಇಳಿಯಿತು. ಕೊನೆಗೆ ನಾಲಿಗೆಯ ಮೇಲೆ ತುಪ್ಪದ ಸಣ್ಣ ಸಿಹಿಯೂ ಉಳಿಯಿತು.

“ಇನ್ನೊಂದು” ಎಂದರು ಮಾವ. ಜಯತೀರ್ಥ ಕಣ್ಣು ತೆರೆದು ನೋಡಿದ. ಬಲಗೈ, ಬೆರಳು ಕೂಡಿಸಿಕೊಂಡು, ಒಂದು ಹನಿಯೂ ಸೋರದ ಹಾಗೆ ಗುಳಿ ಮಾಡಿಕೊಂಡು, ಆಗಲೇ ಚಾಚಿ ನಿಂತಿತ್ತು.